‘ಮಾರ್ಸ್ ಅಟ್ಯಾಕ್ಸ್!’ ಬರೀ ತಲೆ ಸಿಡಿಯುವ ಸಿನಿಮಾನಾ? ಅದರಲ್ಲಿ ಅಮೆರಿಕದ ಅಣಕ ಎಲ್ಲಿದೆ?

ಪ್ರಶ್ನೆ: ಮಲೆನಾಡ ಮೇಷ್ಟ್ರು

ಶಿವಮೊಗ್ಗ ಕಡೆಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ವಿಡಂಬನೆ ಬಗ್ಗೆ ಪಾಠ ನಡೆಯುತ್ತಿದೆ ಅಂತ ಬಿಎ ಮಕ್ಕಳಿಗೆ ಟಿಮ್ ಬರ್ಟನ್ ಅವರ 1996ರ ‘ಮಾರ್ಸ್ ಅಟ್ಯಾಕ್ಸ್!’ ತೋರಿಸಿದೆ. ಭೂಮಿಯ ಮೇಲೆ ದಾಳಿಗೆ ಬಂದ ಮಂಗಳ ಗ್ರಹದವರು ತಮ್ಮ ಭಾಷೆಯಲ್ಲಿ ‘ಆಕ್ ಆಕ್’ ಅಂದಾಗಲೆಲ್ಲ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಕೊನೆಗೆ ಹಳೇ ಹಾಡು ಕೇಳಿ ಅವರ ತಲೆ ಒಡೆದಾಗ ಶಿಳ್ಳೆಯೂ ಬಿತ್ತು. ಮುಗಿದ ಮೇಲೆ ಒಬ್ಬಳು ಹುಡುಗಿ ಕೇಳಿದಳು: “ಸರ್, ಅವರು ಯಾಕೆ ಬಂದರು ಅಂತಲೇ ಸಿನಿಮಾ ಹೇಳಲ್ಲ. ಕಾರಣ ಇಲ್ಲದೆ ಕೊಲ್ಲುತ್ತಾರೆ. ಇದರಲ್ಲಿ ಅಮೆರಿಕದ ಟೀಕೆ ಎಲ್ಲಿಂದ ಬಂತು?”

1950ರ ದಶಕದ ಸಿನಿಮಾಗಳಾದರೆ ಹೇಳಬಹುದು. ಹಾರುವ ತಟ್ಟೆಯ ಹಿಂದೆ ಕಮ್ಯುನಿಸ್ಟರ ಭಯ ಇತ್ತು, ಅಣುಬಾಂಬಿನ ಭಯ ಇತ್ತು. ಇಲ್ಲಿ? ಶೀತಲ ಸಮರ ಮುಗಿದು ಐದು ವರ್ಷ ಆಗಿತ್ತು. ಮುಂದಿನ ಕ್ಲಾಸಿನಲ್ಲಿ ಆ ಹುಡುಗಿಗೆ ನೆಟ್ಟಗೆ ಉತ್ತರ ಕೊಡಬೇಕು. ಇದರ ಜೊತೆ ತೋರಿಸಬಹುದಾದ ಇನ್ನೊಂದು ಸಿನಿಮಾ ಇದ್ದರೂ ತಿಳಿಸಿ.

ಉತ್ತರ 1: ನೆವಾಡಾ ಅಕ್ಕ

ಮೇಷ್ಟ್ರೇ, ಆ ಹುಡುಗಿ ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾಳೆ. ಅವಳಿಗೆ ನನ್ನ ಶಭಾಷ್ ಹೇಳಿ. ಮಂಗಳದವರಿಗೆ ಕಾರಣ ಇಲ್ಲ. ಕಾರಣ ಕಟ್ಟಿ ಕೊಡುವವರು ಅಮೆರಿಕದವರು. ಇಡೀ ಅಣಕ ನಿಂತಿರುವುದೇ ಅದರ ಮೇಲೆ.

ಒಬ್ಬೊಬ್ಬರನ್ನೇ ನೋಡಿ. ಪಿಯರ್ಸ್ ಬ್ರಾಸ್ನನ್ ಮಾಡಿರುವ ಪ್ರೊಫೆಸರ್ ಪೈಪು ಹಿಡಿದುಕೊಂಡು, ಇಷ್ಟು ಮುಂದುವರಿದವರು ಶಾಂತಿಪ್ರಿಯರೇ ಆಗಿರಬೇಕು ಅನ್ನುತ್ತಾನೆ. ರಾಡ್ ಸ್ಟೈಗರ್ ಮಾಡಿರುವ ಜನರಲ್ ಮೊದಲ ದಿನದಿಂದ ಬಾಂಬು ಹಾಕೋಣ ಅನ್ನುತ್ತಾನೆ. ಅಧ್ಯಕ್ಷನಿಗೆ ಟಿವಿ ಭಾಷಣದ ಚಿಂತೆ. ಟಿವಿ ವರದಿಗಾರನಿಗೆ ಸಂದರ್ಶನ ಯಾರಿಗೆ ಸಿಕ್ಕಿತು ಅನ್ನುವ ಹೊಟ್ಟೆಯುರಿ. ಲಾಸ್ ವೇಗಸ್‌ನ ಹೋಟೆಲ್ ಕಟ್ಟುವವನು, ಬಂದವರಿಗೆ ಉಳಿಯಲು ರೂಮು ಬೇಕಲ್ವಾ ಅಂತ ಲೆಕ್ಕ ಹಾಕುತ್ತಾನೆ. ಎಲ್ಲರೂ ಆಕಾಶ ನೋಡುತ್ತಿದ್ದಾರೆ, ಕಾಣುತ್ತಿರುವುದು ಮಾತ್ರ ಅವರವರ ಕಸುಬು. ಅಧ್ಯಕ್ಷ ಮತ್ತು ಹೋಟೆಲ್ ಧಣಿ, ಎರಡೂ ಪಾತ್ರ ಜಾಕ್ ನಿಕಲ್ಸನ್ ಒಬ್ಬರದ್ದೇ. ಮಕ್ಕಳು ಅದನ್ನು ಗಮನಿಸಿದರಾ ಕೇಳಿ. ವಾಷಿಂಗ್ಟನ್‌ನಲ್ಲಿ ಮತ ಕೇಳುವ ಮುಖ, ವೇಗಸ್‌ನಲ್ಲಿ ಬಂಡವಾಳ ಕೇಳುವ ಮುಖ, ಎರಡೂ ಒಂದೇ.

ಇಲ್ಲಿ ನೆವಾಡಾದ ಪರಂಪ್ ಮರುಭೂಮಿಯಲ್ಲಿ ತಟ್ಟೆ ಇಳಿಯುವ ದೃಶ್ಯ ಇದೆ. ಯಾರೋ ಪಾರಿವಾಳ ಹಾರಿಸುತ್ತಾರೆ. ಮಂಗಳದವರು ಹಕ್ಕಿಯನ್ನೂ ಸುಡುತ್ತಾರೆ, ಜನರನ್ನೂ ಸುಡುತ್ತಾರೆ. ಅಷ್ಟಾದ ಮೇಲೂ ಶ್ವೇತಭವನ ಏನು ಹೇಳುತ್ತದೆ? ಪಾರಿವಾಳ ಅಂದರೆ ಅವರಲ್ಲಿ ಯುದ್ಧ ಅಂತ ಇರಬಹುದು, ಇದು ಸಂಸ್ಕೃತಿಗಳ ನಡುವಿನ ತಪ್ಪು ತಿಳಿವಳಿಕೆ. ಹಾಗಂತ ಅವರನ್ನು ಕಾಂಗ್ರೆಸ್‌ಗೆ, ಅಂದರೆ ಅಮೆರಿಕದ ಸಂಸತ್ತಿಗೆ ಕರೆಸುತ್ತಾರೆ. ಅಲ್ಲಿದ್ದವರೆಲ್ಲ ಬೂದಿ. ಆಮೇಲೆ ಅಧ್ಯಕ್ಷ ಟಿವಿಯಲ್ಲಿ ಜನಕ್ಕೆ ಧೈರ್ಯ ಹೇಳುವ ರೀತಿ ನೋಡಿ: ಸರ್ಕಾರದ ಮೂರು ಅಂಗಗಳಲ್ಲಿ ಎರಡು ಇನ್ನೂ ಕೆಲಸ ಮಾಡುತ್ತಿವೆ, ಅದೇನೂ ಕಮ್ಮಿ ಅಲ್ಲ! ಅದಕ್ಕೂ ಮುಂಚೆ, ಕಾಂಗ್ರೆಸ್ ಉರಿಯುವುದನ್ನು ವೃದ್ಧಾಶ್ರಮದ ಟಿವಿಯಲ್ಲಿ ನೋಡಿ ಒಬ್ಬ ಅಜ್ಜಿ ಗಹಗಹಿಸಿ ನಗುತ್ತಾಳೆ. ತಮ್ಮ ಪ್ರತಿನಿಧಿಗಳ ಮೇಲೆ ಜನಕ್ಕೆ ಉಳಿದಿರುವ ಗೌರವ ಎಷ್ಟು ಅಂತ ಆ ನಗು ಹೇಳಿಬಿಡುತ್ತದೆ.

ಇನ್ನು ಅಧ್ಯಕ್ಷನ ಕೊನೆಯ ಭಾಷಣ. ನಾವೆಲ್ಲ ಹೊಂದಿಕೊಂಡು ಹೋಗೋಕೆ ಯಾಕೆ ಆಗಲ್ಲ ಅಂತ ಆತ ಮಂಗಳದವನನ್ನು ಕೇಳುತ್ತಾನೆ. 1996ರಲ್ಲಿ ಆ ಮಾತು ಕೇಳಿದ ಪ್ರತಿ ಅಮೆರಿಕನ್ನನಿಗೂ ರಾಡ್ನಿ ಕಿಂಗ್ ನೆನಪಾಗಿರಬೇಕು. 1991ರಲ್ಲಿ ಲಾಸ್ ಏಂಜಲೀಸ್ ಪೊಲೀಸರು ಆ ಕಪ್ಪು ಯುವಕನನ್ನು ಹೊಡೆದಿದ್ದು ವಿಡಿಯೊದಲ್ಲಿ ಸೆರೆಯಾಗಿತ್ತು. 1992ರಲ್ಲಿ ತೀರ್ಪು ಪೊಲೀಸರ ಪರ ಬಂದು ಊರಿಗೆ ಬೆಂಕಿ ಬಿದ್ದಾಗ, ಅವನೇ ಕ್ಯಾಮೆರಾ ಮುಂದೆ ಬಂದು ನಾವೆಲ್ಲ ಹೊಂದಿಕೊಂಡು ಬಾಳಬಹುದಾ ಅಂತ ಕೇಳಿದ್ದ. ಪೆಟ್ಟು ತಿಂದವನ ಬಾಯಲ್ಲಿ ಆ ಮಾತಿಗೆ ತೂಕ ಇತ್ತು. ಅದನ್ನೇ ಸೂಟು ಹಾಕಿದ ಅಧ್ಯಕ್ಷನ ಬಾಯಿಗೆ ಹಾಕಿದಾಗ ಎಷ್ಟು ಟೊಳ್ಳಾಗಿ ಕೇಳಿಸುತ್ತದೆ! ಮಂಗಳದವನು ಕಣ್ಣೀರು ಹಾಕಿ ಕೈ ಕೊಡುತ್ತಾನೆ. ಆ ಕೈ ಕಳಚಿ, ತೆವಳಿಕೊಂಡು ಹೋಗಿ ಅಧ್ಯಕ್ಷನ ಎದೆಗೆ ಚುಚ್ಚುತ್ತದೆ. ಹೆಣದ ಮೇಲೆ ಮಂಗಳದ ಬಾವುಟ ಏಳುತ್ತದೆ. ಬಾವುಟ ನೆಟ್ಟು ನೆಲ ನಮ್ಮದು ಅನ್ನುವ ಚರಿತ್ರೆ ಯಾರದ್ದು ಅಂತ ನಿಮ್ಮ ಮಕ್ಕಳನ್ನೇ ಕೇಳಿ.

ನಾನು ವೇಗಸ್‌ನಲ್ಲಿ ಒಂದು ಹೋಟೆಲಿನ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಆದ್ದರಿಂದ ಈ ಭಾಗ ಸ್ವಲ್ಪ ಉದ್ದ ಆಗುತ್ತದೆ, ಓದಿ. ಸಿನಿಮಾದಲ್ಲಿ ಗೆಲಾಕ್ಸಿ ಅನ್ನುವ ಹೋಟೆಲ್ ಕುಸಿಯುತ್ತದಲ್ಲ, ಅದು ಗ್ರಾಫಿಕ್ಸ್ ಅಂತ ಮಕ್ಕಳು ಅಂದುಕೊಂಡಿರುತ್ತಾರೆ. ಅದು ನಿಜವಾದ ಕಟ್ಟಡ. ಲ್ಯಾಂಡ್‌ಮಾರ್ಕ್ ಹೋಟೆಲ್, 31 ಮಹಡಿ, ತುದಿಯಲ್ಲಿ ಗುಂಡನೆಯ ಗೋಪುರ. ಕೋಟ್ಯಧಿಪತಿ ಹೋವರ್ಡ್ ಹ್ಯೂಸ್ ಕೊಂಡುಕೊಂಡು 1969ರಲ್ಲಿ ತೆರೆದಿದ್ದರು. 1990ರಲ್ಲಿ ಮುಚ್ಚಿತು. 1995ರ ನವೆಂಬರ್ 7ರಂದು ಸ್ಫೋಟಕ ಇಟ್ಟು ಕೆಡವಿದರು. ಬರ್ಟನ್ ತಂಡ ಅದನ್ನು ಚಿತ್ರೀಕರಿಸಿ ಸಿನಿಮಾಕ್ಕೆ ಬಳಸಿಕೊಂಡಿತು. ಆ ಜಾಗ ಆಮೇಲೆ ಕಾರ್ ಪಾರ್ಕಿಂಗ್ ಆಯಿತು. ಈ ಊರಲ್ಲಿ ಹೋಟೆಲ್ ಉರುಳಿಸುವುದನ್ನು ಜನ ಜಾತ್ರೆಯ ಹಾಗೆ ಬಂದು ನೋಡುತ್ತಾರೆ. 1993ರಲ್ಲಿ ಡ್ಯೂನ್ಸ್ ಹೋಟೆಲನ್ನು ಪಟಾಕಿ ಸುಟ್ಟು, ಟಿವಿಗೆ ತೋರಿಸುತ್ತಲೇ ಕೆಡವಿದರು. ಮೂವತ್ತು ವರ್ಷ ತುಂಬದ ಕಟ್ಟಡವನ್ನು ತಾನೇ ಒಡೆದು, ಅದನ್ನೂ ಮನರಂಜನೆ ಮಾಡಿ ಮಾರುವ ಊರಿಗೆ ಮಂಗಳದವರು ಬಂದು ಹೊಸದಾಗಿ ಏನು ಕೆಡವಬೇಕು, ಹೇಳಿ. ನನಗೆ ಈ ಸಿನಿಮಾದ ಅತಿ ಚೂಪಾದ ಜಾಗ ಇದೇ.

ಉಳಿಯುವವರು ಯಾರು ಅನ್ನುವುದನ್ನೂ ಬೋರ್ಡ್ ಮೇಲೆ ಬರೆಸಿ. ಡೋನಟ್ ಅಂಗಡಿಯ ಹುಡುಗ. ಮನೆಯವರು ವೃದ್ಧಾಶ್ರಮಕ್ಕೆ ಸೇರಿಸಿದ ಅವನ ಅಜ್ಜಿ. ಒಂದು ಕಾಲದ ಬಾಕ್ಸಿಂಗ್ ಚಾಂಪಿಯನ್, ಈಗ ಲಕ್ಸರ್ ಕ್ಯಾಸಿನೊದಲ್ಲಿ ಈಜಿಪ್ಟಿನ ವೇಷ ಹಾಕಿ ನಿಲ್ಲುವವನು. ಬಸ್ ಓಡಿಸುವ ಅವನ ಹೆಂಡತಿ. ಶಾಲೆ ತಪ್ಪಿಸಿ ವಿಡಿಯೊ ಗೇಮ್ ಆಡುವ ಅವರ ಇಬ್ಬರು ಗಂಡುಮಕ್ಕಳು, ಶ್ವೇತಭವನದೊಳಗೆ ಮಂಗಳದವರ ಬಂದೂಕನ್ನೇ ಕಸಿದು ಹೊಡೆದವರು. ಬೇರೆ ದಿನಗಳಲ್ಲಿ ಆ ದೇಶ ಇವರ ಕಡೆ ತಿರುಗಿಯೂ ನೋಡುವುದಿಲ್ಲ. ಬರ್ಟನ್ ಎಲ್ಲರನ್ನೂ ಗೇಲಿ ಮಾಡುತ್ತಾರೆ ಅನ್ನುವವರು ಈ ಪಟ್ಟಿ ನೋಡಬೇಕು.

ಉತ್ತರ 2: ಹುಬ್ಬಳ್ಳಿ ಮ್ಯಾಟಿನಿ

ಅಕ್ಕಾರ ಮಾತು ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ‘ಮಾರ್ಸ್ ಅಟ್ಯಾಕ್ಸ್!’ ಹುಟ್ಟಿದ್ದೇ 1962ರಲ್ಲಿ ಟಾಪ್ಸ್ ಕಂಪನಿ ಬಬಲ್‌ಗಮ್ ಜೊತೆ ಮಾರಿದ 55 ಕಾರ್ಡುಗಳಿಂದ. ಉರಿಯುವ ದನ, ಸುಟ್ಟ ಸೈನಿಕ, ಅಂಥ ಚಿತ್ರಗಳೇ. ಮಕ್ಕಳ ಕೈಗೆ ಇದೇನು ಕೊಡುತ್ತೀರಿ ಅಂತ ದೊಡ್ಡವರು ಗಲಾಟೆ ಮಾಡಿ ಕಾರ್ಡು ನಿಂತವು. ಆ ರಕ್ತದ ರುಚಿ ಸಿನಿಮಾದಲ್ಲೂ ಹಾಗೇ ಉಳಿದಿದೆ. ಕೊಲ್ಲುವುದರಲ್ಲಿ ಅದಕ್ಕೆ ಖುಷಿ ಜಾಸ್ತಿ.

ಮೇಷ್ಟ್ರೇ, ಜೊತೆಗೆ ಜಾನ್ ಕಾರ್ಪೆಂಟರ್ ಅವರ ‘ದೇ ಲಿವ್’ ತೋರಿಸಿ. 1988ರ ನವೆಂಬರ್ ಮೊದಲ ವಾರ ಬಿಡುಗಡೆ. ರೇಗನ್ ಎಂಟು ವರ್ಷ ಆಳಿ ಇಳಿಯುವ ಹೊತ್ತು, ಅಧ್ಯಕ್ಷೀಯ ಚುನಾವಣೆಗೆ ಕೆಲವೇ ದಿನ ಬಾಕಿ. ಕುಸ್ತಿಪಟು ರಾಡಿ ಪೈಪರ್ ಇದರಲ್ಲಿ ಕೆಲಸ ಹುಡುಕಿ ಲಾಸ್ ಏಂಜಲೀಸ್‌ಗೆ ಬರುವ ಕೂಲಿ. ಪೊಲೀಸರು ಬಡವರ ಗುಡಿಸಲುಗಳ ಮೇಲೆ ಬುಲ್ಡೋಜರ್ ಹರಿಸುತ್ತಾರೆ. ಅವನಿಗೆ ಒಂದು ಕಪ್ಪು ಕನ್ನಡಕ ಸಿಗುತ್ತದೆ. ಹಾಕಿಕೊಂಡರೆ ಜಾಹೀರಾತು ಫಲಕದಲ್ಲಿ ‘ವಿಧೇಯನಾಗಿರು’, ‘ಕೊಳ್ಳು’ ಅಂತ ಬರೀ ಆಜ್ಞೆ. ನೋಟಿನ ಮೇಲೆ ‘ಇದೇ ನಿನ್ನ ದೇವರು’. ಸೂಟು ಹಾಕಿದ ಸಾಹುಕಾರರಲ್ಲಿ ಎಷ್ಟೋ ಜನ ತಲೆಬುರುಡೆ ಮುಖದ ಏಲಿಯನ್‌ಗಳು. ಇಲ್ಲಿ ದಾಳಿ ಯಾವತ್ತೋ ಮುಗಿದಿದೆ, ಯಾರಿಗೂ ಗೊತ್ತಾಗಿಲ್ಲ ಅಷ್ಟೆ. ಕೆಲವು ಮನುಷ್ಯರು ದುಡ್ಡಿಗಾಗಿ ಅವರ ಜೊತೆ ಕೈ ಜೋಡಿಸಿದ್ದಾರೆ. ಆ ವಿಷಯ ‘ಮಾರ್ಸ್ ಅಟ್ಯಾಕ್ಸ್!’ ಮುಟ್ಟುವುದೇ ಇಲ್ಲ.

ಕನ್ನಡಕ ಹಾಕಿ ನೋಡು ಅಂತ ಗೆಳೆಯನಿಗೆ ಹೇಳಿದರೆ ಅವನು ಒಪ್ಪಲ್ಲ. ಅದಕ್ಕೇ ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಇಬ್ಬರೂ ಓಣಿಯಲ್ಲಿ ಗುದ್ದಾಡುತ್ತಾರೆ. ಸುಮ್ನೆ ಫೈಟು ಅಂತ ಬಿಡಬೇಡಿ. ಕಣ್ಣು ತೆರೆಸಿಕೊಳ್ಳಲ್ಲ ಅಂತ ಮನುಷ್ಯ ಎಷ್ಟು ಹಟ ಮಾಡುತ್ತಾನೆ ಅನ್ನುವುದು ಅಲ್ಲಿದೆ.

ಮಲೆನಾಡ ಮೇಷ್ಟ್ರು

ಇಬ್ಬರಿಗೂ ಧನ್ಯವಾದ. ‘ದೇ ಲಿವ್’ ಖಂಡಿತ ತೋರಿಸುತ್ತೇನೆ. ಇನ್ನೆರಡು ಪ್ರಶ್ನೆ. ಮಂಗಳದವರು ತಾಜ್‌ಮಹಲ್ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವಾಗ ಹಿಂದೆ ತಾಜ್ ಪುಡಿಯಾಗುತ್ತದೆ. ಅಲ್ಲಿ ಗೇಲಿ ಯಾರದ್ದು? ಮತ್ತೆ, ಇದು ಅದೇ ವರ್ಷದ ಇನ್ನೊಂದು ಏಲಿಯನ್ ದಾಳಿ ಸಿನಿಮಾ ‘ಇಂಡಿಪೆಂಡೆನ್ಸ್ ಡೇ’ಯ ಅಣಕವಾ?

ನೆವಾಡಾ ಅಕ್ಕ

ಎರಡನೆಯದು ಮೊದಲು. ‘ಇಂಡಿಪೆಂಡೆನ್ಸ್ ಡೇ’ 1996ರ ಜುಲೈನಲ್ಲಿ ಬಂತು, ಇದು ಡಿಸೆಂಬರ್‌ನಲ್ಲಿ. ಅಷ್ಟು ಕಡಿಮೆ ಸಮಯದಲ್ಲಿ ಅಣಕ ಮಾಡಿ ಮುಗಿಸೋಕೆ ಆಗಲ್ಲ. ಎರಡೂ ಹೆಚ್ಚುಕಮ್ಮಿ ಒಟ್ಟಿಗೇ ತಯಾರಾದವು. ಆದರೂ ಪಕ್ಕಪಕ್ಕ ಇಡಿ. ಅಲ್ಲಿ ಅಧ್ಯಕ್ಷ ತಾನೇ ಯುದ್ಧವಿಮಾನ ಹತ್ತುತ್ತಾನೆ. ಅಮೆರಿಕದ ಸ್ವಾತಂತ್ರ್ಯ ದಿನವೇ ಇಡೀ ಜಗತ್ತಿನ ಸ್ವಾತಂತ್ರ್ಯ ದಿನ ಅನ್ನುವಂತೆ ಭಾಷಣ ಮಾಡುತ್ತಾನೆ. ಆ ಸಿನಿಮಾ ಜಗತ್ತಿನಾದ್ಯಂತ 80 ಕೋಟಿ ಡಾಲರ್‌ಗೂ ಮೇಲೆ ಗಳಿಸಿತು, ಇದು 10 ಕೋಟಿಯ ಆಸುಪಾಸು. ಯಾವ ಕಥೆ ಕೇಳಲು ಆ ವರ್ಷ ಜನ ದುಡ್ಡು ಕೊಟ್ಟರು ಅಂತ ಆ ಲೆಕ್ಕ ಹೇಳುತ್ತದೆ.

ತಾಜ್ ದೃಶ್ಯದಲ್ಲಿ ನನಗೆ ಕಾಣುವುದು ಪ್ರವಾಸಿ. ಈಸ್ಟರ್ ದ್ವೀಪದ ಶಿಲಾಮೂರ್ತಿಗಳನ್ನು ಅವರು ಚೆಂಡು ಉರುಳಿಸಿ ಬೀಳಿಸುವ ಬೌಲಿಂಗ್ ಆಟಕ್ಕೆ ಬಳಸುವುದೂ ಅದೇ ಸಾಲಿನಲ್ಲಿ ಬರುತ್ತದೆ. ಬೇರೆಯವರ ನೆಲಕ್ಕೆ ಬಂದು, ಅದು ಏನು ಅಂತ ತಿಳಿಯದೆ ಫೋಟೊ ಮಾತ್ರ ಬೇಕು ಅನ್ನುವವರು. ಹಾಲಿವುಡ್‌ಗೂ ಪ್ರಪಂಚ ಅಂದರೆ ಇಷ್ಟೇ ಅಲ್ವಾ? ಭಾರತ ಕಾಣಿಸುವುದು ಆ ಕೆಲವು ಸೆಕೆಂಡು, ಅದೂ ಪುಡಿಯಾಗುವುದಕ್ಕೆ.

ಹುಬ್ಬಳ್ಳಿಯವರು ಹೇಳಿದ ಕ್ರೌರ್ಯದ ವಿಷಯಕ್ಕೆ ಒಂದು ಮಾತು. ಅಜ್ಜಿಯ ಪಾತ್ರ ಮಾಡಿದವರು ಸಿಲ್ವಿಯಾ ಸಿಡ್ನಿ, 1930ರ ದಶಕದ ನಾಯಕಿ. ಆ ಅಜ್ಜಿ ಕೇಳುವ, ಮಂಗಳದವರ ತಲೆ ಒಡೆಯುವ ಆ ಹಾಡು ಗಾಯಕ ಸ್ಲಿಮ್ ವಿಟ್‌ಮನ್ ಅವರದು, 1952ರದ್ದು. ಸೈನ್ಯ ಸೋತ ಕಡೆ, ಮನೆಯವರು ಬೇಡ ಅಂದುಕೊಂಡ ಮುದುಕಿಯ ಹಳೇ ಹಾಡು ಗೆಲ್ಲುತ್ತದೆ. ಕೊನೆಯಲ್ಲಿ ಡೋನಟ್ ಹುಡುಗ ಪಾಳುಬಿದ್ದ ಕ್ಯಾಪಿಟಲ್, ಅಂದರೆ ಸಂಸತ್ ಭವನದ ಮೆಟ್ಟಿಲ ಮೇಲೆ ಪದಕ ತೆಗೆದುಕೊಂಡು, ಇನ್ನು ಮನೆ ಬದಲು ಟೀಪಿಯಲ್ಲಿ ಇರೋಣ ಅನ್ನುತ್ತಾನೆ. ಟೀಪಿ ಅಂದರೆ ಅಲ್ಲಿನ ಮೂಲನಿವಾಸಿಗಳ ಚರ್ಮದ ಗುಡಾರ. ಮರಿಯಾಚಿ ವಾದ್ಯದವರು, ಅಂದರೆ ಮೆಕ್ಸಿಕೊದ ತಂಡ, ಅಮೆರಿಕದ ರಾಷ್ಟ್ರಗೀತೆ ನುಡಿಸುತ್ತದೆ. ಬರೀ ಕೊಲ್ಲುವ ಖುಷಿ ಇದ್ದವರು ಇಷ್ಟು ಪ್ರೀತಿಯಿಂದ ಇದನ್ನೆಲ್ಲ ಜೋಡಿಸುವುದಿಲ್ಲ.

ಮೇಷ್ಟ್ರೇ, ಸಮಯ ಇದ್ದರೆ ಮೊದಲು 1956ರ ‘ಅರ್ತ್ ವರ್ಸಸ್ ದಿ ಫ್ಲೈಯಿಂಗ್ ಸಾಸರ್ಸ್’ನಿಂದ ಹಾರುವ ತಟ್ಟೆಗಳು ವಾಷಿಂಗ್ಟನ್ ಮೇಲೆ ಬೀಳುವ ದೃಶ್ಯ ಹತ್ತು ನಿಮಿಷ ತೋರಿಸಿ. ಸ್ಪೆಷಲ್ ಎಫೆಕ್ಟ್ಸ್ ಕಲಾವಿದ ರೇ ಹ್ಯಾರಿಹೌಸನ್ ಅವರ ಕೈಚಳಕ ಅದು. ಆಮೇಲೆ ‘ದೇ ಲಿವ್’. ಕೊನೆಗೆ ‘ಮಾರ್ಸ್ ಅಟ್ಯಾಕ್ಸ್!’ನ ಕಾಂಗ್ರೆಸ್ ದೃಶ್ಯ ಮತ್ತು ಅಧ್ಯಕ್ಷನ ಭಾಷಣ ಮಾತ್ರ ಇನ್ನೊಮ್ಮೆ ಹಾಕಿ. ಆ ಹುಡುಗಿ ಏನು ಹೇಳಿದಳು ಅಂತ ಇಲ್ಲಿ ಬರೆಯಿರಿ, ನಾನು ಕಾಯುತ್ತಿರುತ್ತೇನೆ.