ಚಿಕ್ಕ ಡೆಸ್ಕ್‌ಟಾಪ್ ಆಪ್ ಮಾರಿ, ಸಪೋರ್ಟ್ ಕೊಟ್ಟು ಸಾಕಾದವರು ಯಾರಾದ್ರೂ ಇದ್ದೀರಾ?

ದಾವಣಗೆರೆ ಬೆಣ್ಣೆ:
ನಮಸ್ಕಾರ. ಹಗಲು ಬೇರೆ ಕೆಲಸ, ರಾತ್ರಿ ಕೂತು ಮಾಡಿದ ಒಂದು ವಿಂಡೋಸ್ ಆಪ್ ಇದೆ. ಸೈಬರ್ ಸೆಂಟರ್‌ನವರಿಗೆ. ಫೋಟೊ, ಸಹಿ ಹಾಕಿದರೆ ಅರ್ಜಿಗೆ ಬೇಕಾದ ಅಳತೆಗೆ, ಕೇಳಿದಷ್ಟು ಕೆಬಿ ಒಳಗೆ ಇಳಿಸಿಕೊಡುತ್ತೆ. ಒಂದೇ ಸಲ 350 ರೂಪಾಯಿ. ಮೂರು ವರ್ಷದಲ್ಲಿ 612 ಲೈಸೆನ್ಸ್ ಹೋಗಿದೆ. ಸಂಪರ್ಕಿಸಿ ಅನ್ನೋ ಕಡೆ ನನ್ನ ಸ್ವಂತ ನಂಬರ್ ಹಾಕಿದ್ದು ನನ್ನ ಬುದ್ಧಿವಂತಿಕೆ. ಯಾವುದಾದರೂ ಅರ್ಜಿಗೆ ಕೊನೇ ದಿನ ಬಂತು ಅಂದ್ರೆ ರಾತ್ರಿ ಹನ್ನೊಂದಕ್ಕೆ ಶುರು, ನಲವತ್ತು ಕಾಲ್. ಅದರಲ್ಲಿ ಮೂವತ್ತಕ್ಕೂ ನನ್ನ ಆಪ್‌ಗೂ ಸಂಬಂಧಾನೇ ಇರಲ್ಲ. ಪ್ರಿಂಟರ್ ಆಫ್‌ಲೈನ್ ಅಂತಿದೆ, ಓಟಿಪಿ ಬರ್ತಿಲ್ಲ, ಇಂಥವೇ. ಮನೇಲಿ ಮುಚ್ಚಿಬಿಡಿ ಅಂತಿದ್ದಾರೆ. ನಂಬರ್ ತೆಗೆದು ಈಮೇಲ್ ಮಾತ್ರ ಇಡಲಾ? ವರ್ಷಕ್ಕಿಷ್ಟು ಅಂತ ಮಾಡಲಾ? ಓಪನ್ ಸೋರ್ಸ್ ಮಾಡಿ, ಅಂದ್ರೆ ಕೋಡ್ ಎಲ್ಲರಿಗೂ ಬಿಟ್ಟುಕೊಟ್ಟು, ಕೈ ತೊಳ್ಕೊಳ್ಳಲಾ? ಮಾಡಿ ನೋಡಿದವರು ಹೇಳಿ.

ಹಳೇವಿಬಿ:
ನಂಬರ್ ತೆಗೀಬೇಡಿ. ಇನ್ನು ನನ್ನ ಕತೆ ಕೇಳಿ.

2004ರಲ್ಲಿ ಅಡಿಕೆ ಮಂಡಿಗಳಿಗೆ ವಿಷುವಲ್ ಬೇಸಿಕ್ 6 (ವಿಬಿ6) ಅನ್ನೋ ಹಳೇ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬಿಲ್ಲಿಂಗ್ ಬರೆದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಒಂದೊಂದು ಬಗೆಗೂ ಬೇರೆ ಬೇರೆ ತೂಕ ಹಾಕಿ, ಖರ್ಚು ಕಳೆದು, ರೈತನ ಕೈಗೆ ಪಟ್ಟಿ ಕೊಡೋದು. ಶಿವಮೊಗ್ಗ, ಸಾಗರ, ಶಿರಸಿ ಸೇರಿ 43 ಮಂಡಿ. ಕಾಪಿ ಹೊಡೀಬಾರದು ಅಂತ, ಸಿಕ್ಕಿಸಿದ್ರೆ ಮಾತ್ರ ಪ್ರೋಗ್ರಾಮ್ ಓಡೋ ಯುಎಸ್‌ಬಿ ಡಾಂಗಲ್ ಹಾಕಿಸಿದೆ, ಒಂದಕ್ಕೆ 850. ಒಟ್ಟು 36,550 ರೂಪಾಯಿ, ಹೆಂಡತಿ ಬಳೆ ಅಡ ಇಟ್ಟ ದುಡ್ಡು. ಕಳ್ಳರು ಬರಲಿಲ್ಲ, ಸಿಡಿಲು ಬಂತು. ಮೊದಲ ಮಳೆಗಾಲಕ್ಕೇ ಏಳು ಡಾಂಗಲ್ ಕರಕಲು. ಸಿಡಿಲಿಗೆ ನಾನೇ ಹೊಣೆ ಅನ್ನೋ ಥರ ಫೋನ್ ಮಾಡಿದರು. 5,950 ಕೈಯಿಂದ ಹಾಕಿ ಬದಲಾಯಿಸಿ ಕೊಟ್ಟೆ, ಬಸ್ ಚಾರ್ಜು ಲೆಕ್ಕಕ್ಕಿಲ್ಲ.

ನಿಜವಾದ ಪೆಟ್ಟು ಬಿದ್ದಿದ್ದು 2017ರ ಜುಲೈ 1ಕ್ಕೆ. ಅಡಿಕೆಗೆ ಜಿಎಸ್‌ಟಿ 5 ಪರ್ಸೆಂಟು, ಅದನ್ನ ಎರಡೂವರೆ, ಎರಡೂವರೆ ಅಂತ ಎರಡು ಕಾಲಮ್‌ನಲ್ಲಿ ತೋರಿಸ್ಬೇಕು. ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಸಾಲಿಗೆ 80 ಅಕ್ಷರ. ಜಾಗ ಎಲ್ಲಿಂದ ತರೋದು? ಹೆಸರಿನ ಕಾಲಮ್ 24ರಿಂದ 14ಕ್ಕೆ ಕತ್ತರಿಸಿದೆ. ಮನೆತನದ ಹೆಸರು, ಊರಿನ ಹೆಸರು ಎಲ್ಲ ಉದುರಿಹೋಯ್ತು. ಒಂದೇ ಕೇರಿಯ ಇಬ್ಬರಿಗೆ ಪಟ್ಟಿ ಅದಲುಬದಲಾಗಿ, ಒಬ್ಬನ ಬೆಟ್ಟೆ ದುಡ್ಡು ಇನ್ನೊಬ್ಬನ ಖಾತೆಗೆ ಹೋಗಿ, ಸಾಹುಕಾರರು ನನ್ನನ್ನ ಗಲ್ಲಾ ಎದುರು ಮೂರು ಗಂಟೆ ಕೂರಿಸಿದ್ರು. ಚಹಾ ಕೊಟ್ಟರು, ಅದು ಬೇರೆ ಮಾತು. ಅಲ್ಲೇ ಕೂತು, ಅಕ್ಷರ ಕಿರಿದಾಗಿ ಸಾಲಿಗೆ ಜಾಸ್ತಿ ಹಿಡಿಸೋ ಕಂಡೆನ್ಸ್‌ಡ್ ಮೋಡ್‌ಗೆ ಹಾಕಿ ಸರಿ ಮಾಡಿದೆ. ಅವತ್ತು ಫೋನ್ ಎತ್ತದೇ ಇದ್ದಿದ್ರೆ ಒಂದು ಮಂಡಿ ಅಲ್ಲ, ಇಡೀ ಸಾಲು ಹೋಗ್ತಿತ್ತು. ಇವತ್ತಿಗೂ 31 ಮಂಡಿ, ವರ್ಷಕ್ಕೆ 1,200ರ ಹಾಗೆ 37,200 ಬರ್ತಿದೆ. ಹೊಸ ಕಂಪ್ಯೂಟರ್ ತಂದ ದಿನ ಎಂಎಸ್‌ಕಾಮ್‌ಸಿಟಿಎಲ್ ಓಸಿಎಕ್ಸ್ ಅನ್ನೋ ವಿಬಿಯ ಫೈಲ್ ಇಲ್ಲ ಅಂತ ಎರರ್ ಬರುತ್ತೆ. 64 ಬಿಟ್ ವಿಂಡೋಸ್ ಆದ್ರೆ ಅದನ್ನ ಸಿಸ್ಟಮ್32 ಫೋಲ್ಡರಿಗೆ ಅಲ್ಲ, ಸಿಸ್‌ವಾವ್64ಗೆ ಹಾಕಿ ರಿಜಿಸ್ಟರ್ ಮಾಡ್ಬೇಕು. ಮಂಡಿ ಗುಮಾಸ್ತರಿಗೆ ಇದು ನನಗಿಂತ ಚೆನ್ನಾಗಿ ಬಾಯಿಪಾಠ ಆಗಿದೆ, ಫೋನ್‌ನಲ್ಲೇ ಕಲಿಸಿದ್ದು.

ಬಸವನಗುಡಿ ಬೆಂಚು:
ಸರ್, ಗೌರವದಿಂದಲೇ ಹೇಳ್ತೀನಿ, ಇದು ಸಪೋರ್ಟ್ ಅಲ್ಲ, ಜೀತ. ವರ್ಷಕ್ಕೆ 37 ಸಾವಿರಕ್ಕೆ ಹಗಲೂ ರಾತ್ರಿ!

ನಂದು ಮ್ಯಾಕ್ ಆಪ್. ಮೆನು ಬಾರ್‌ನಲ್ಲಿ ಕೂರುತ್ತೆ, ಸ್ಕ್ರೀನಿನ ಭಾಗ ಕತ್ತರಿಸಿಕೊಟ್ಟು ಅದರೊಳಗಿನ ಅಕ್ಷರ ಓದುತ್ತೆ. 9 ಡಾಲರ್. ಗಿರಾಕಿಗಳೆಲ್ಲ ಹೊರದೇಶದವರು. ಮೊದಲ ದಿನದಿಂದ ಈಮೇಲ್ ಮಾತ್ರ, ಬೆಳಿಗ್ಗೆ ಏಳರಿಂದ ಎಂಟು ಉತ್ತರ, ಆಮೇಲೆ ಮುಟ್ಟಲ್ಲ. ಆಪಲ್‌ಗೆ ವರ್ಷಕ್ಕೆ 99 ಡಾಲರ್ ಕಟ್ಟಲೇಬೇಕು, ಇಲ್ಲದಿದ್ರೆ ನೋಟರೈಸ್ ಆಗಲ್ಲ, ಅಂದ್ರೆ ಆಪಲ್ ಪರೀಕ್ಷಿಸಿದ ಗುರುತು ಸಿಗಲ್ಲ, ನೋಟರೈಸ್ ಆಗದ ಆಪ್ ತೆರೆಯೋದಕ್ಕೆ ಜನ ಹೆದರ್ತಾರೆ. ಅದು ಬಿಡಿ. ವರ್ಷಾ ವರ್ಷಾ ಸೆಪ್ಟೆಂಬರ್ ಆಸುಪಾಸಿಗೆ ಮ್ಯಾಕ್‌ನ ಹೊಸ ಆವೃತ್ತಿ ಬಂದ್ರೆ ನನಗೆ ಪಕ್ಷಮಾಸ. 2024ರ ಸಿಕೋಯಾ ಆವೃತ್ತಿಯಲ್ಲಿ ಸ್ಕ್ರೀನ್ ರೆಕಾರ್ಡಿಂಗ್ ಅನುಮತಿ ತಿಂಗಳಿಗೊಮ್ಮೆ ಮತ್ತೆ ಕೇಳೋ ಹಾಗೆ ಆಯ್ತು. ಆ ಕಿಟಕಿ ತೆರೆಯೋದು ಆಪರೇಟಿಂಗ್ ಸಿಸ್ಟಮ್, ಆದರೆ ಅದರ ಮೇಲೆ ನನ್ನ ಆಪ್ ಹೆಸರು. ಒಂದೇ ವಾರ 214 ಮೇಲ್. ನೀನು ನನ್ನ ಮೇಲೆ ಬೇಹುಗಾರಿಕೆ ಮಾಡ್ತಿದ್ದೀಯಾ ಅಂತ. ಸಿದ್ಧ ಉತ್ತರ ಒಂದು ಬರೆದಿಟ್ಟು ಎಲ್ಲರಿಗೂ ಅದನ್ನೇ ಕಳಿಸಿದೆ. ಒಬ್ಬ ನೇರ ಬ್ಯಾಂಕಿಗೆ ಹೋಗಿ, ಕೊಟ್ಟ ದುಡ್ಡು ವಾಪಸ್ ಎಳೆಸೋ ಚಾರ್ಜ್‌ಬ್ಯಾಕ್ ಹಾಕಿದ. ಅವನ 9 ಡಾಲರ್ ಹೋಯ್ತು, ಮೇಲೆ ಪೇಮೆಂಟ್ ಕಂಪನಿ 15 ಡಾಲರ್ ದಂಡ ಹಿಡೀತು. ಮಾರಿದ್ದಕ್ಕೆ 15 ಡಾಲರ್ ನಷ್ಟ! ವರ್ಷಚಂದಾ ಮಾದರಿಗೂ ಹೋಗಿ ನೋಡಿದೆ, ಹಳಬರು ಬೈದು ಬೈದು ನಾಲ್ಕೇ ತಿಂಗಳಿಗೆ ವಾಪಸ್ ಬಂದೆ. ಆದರೂ ನನ್ನ ನಂಬರ್ ಯಾರ ಹತ್ರಾನೂ ಇಲ್ಲ. ರಾತ್ರಿ ನಿದ್ದೆ ಬರುತ್ತೆ.

ಹಳೇವಿಬಿ:
ಜೀತ ಅನ್ನೋ ಮಾತು ಸ್ವಲ್ಪ ನೋಡಿ ಆಡಿ. ನಿಮ್ಮ ಗಿರಾಕಿಗೆ ನೀವು ಯಾರು ಅಂತ ಗೊತ್ತಿಲ್ಲ, ಅದಕ್ಕೇ ಬ್ಯಾಂಕಿಗೆ ಹೋದ. ನನ್ನ ಗಿರಾಕಿ ನನ್ನ ಮಗಳ ಮದುವೆಗೆ ಬಂದು ಊಟ ಮಾಡಿ ಹೋಗಿದ್ದಾರೆ.

ಗೋಕಾಕ ಕರದಂಟು:
ನೀವಿಬ್ರೂ ರೊಕ್ಕಾನರ ನೋಡೀರಿ. ನಂದು ಕೇಳ್ರಿ. ನಾ ಯೂನಿಕೋಡ್‌ನಿಂದ ಪ್ರೆಸ್ಸಿನವ್ರ ಹಳೇ 'ನುಡಿ' ಫಾಂಟಿಗೆ, ನುಡಿಯಿಂದ ಯೂನಿಕೋಡಿಗೆ ತಿರುವಿ ಕೊಡೋ ಪರಿವರ್ತಕ ಮಾಡಿ ಪುಕ್ಕಟ ಕೊಟ್ಟಾಕಿ. ಪ್ರೆಸ್ಸಿನವ್ರು ಇನ್ನೂ ಪುಟ ಕಟ್ಟೋ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್‌ನಾಗ ಅದಾರ, ಅದರಾಗ ಯೂನಿಕೋಡ್ ಕನ್ನಡ ಕೂಡಂಗಿಲ್ಲ. ಮ್ಯಾಟರ್ ಬರೋದು ವಾಟ್ಸಾಪ್‌ನಾಗ ಯೂನಿಕೋಡ್. ನಡುವ ನಾನು. ಐದ ವರ್ಷದಾಗ ಬಂದ ದೇಣಿಗಿ 1,140 ರೂಪಾಯಿ. ಅದ್ರಾಗ 500 ನಮ್ಮ ಮಾವಂದು.

ಒಂದಿನ ಮುಂಜಾನಿ ಒಬ್ಬ ಫ್ಲೆಕ್ಸ್ ಅಂಗಡಿಯಾಂವ ಫೋಟೊ ಕಳಿಸ್ಯಾನ. ಎಂಟು ಅಡಿ ನಾಕ್ ಅಡಿ ಬ್ಯಾನರ್, ನಡುವ ಹುಡುಗಿ ಫೋಟೊ, ಮ್ಯಾಲೆ ದೊಡ್ಡ ಅಕ್ಷರದಾಗ 'ರ್ಯಾಂಕ್'. ಯ ಮ್ಯಾಲೆ ಅರ್ಕಾವತ್ತು ಕುಂತದ. ಬೇಕಾಗಿದ್ದು 'ರ‍್ಯಾಂಕ್', ರ ಕೆಳಗ ಯ ಒತ್ತು. ಇವೆರಡರ ಫರಕ ಯೂನಿಕೋಡ್‌ನಾಗ ಕಣ್ಣಿಗೆ ಕಾಣದ ಒಂದು ಜೋಡಣಿ ಅಕ್ಷರ, ನನ್ನ ಪ್ರೋಗ್ರಾಮ್ ಅದನ್ನ ಕಸ ಅಂತ ತಿಳಿದು ಒಗದಿತ್ತು. ತಪ್ಪು ನಂದ, ಒಪ್ಪೀನಿ. ಆದ್ರ ಅಂವ 960 ರೂಪಾಯಿ ಫ್ಲೆಕ್ಸ್ ಖರ್ಚು ಕೊಡ್ರಿ ಅಂತ ಮೂರ ದಿನ ಬೆನ್ನ ಹತ್ತಿದ. ಪುಕ್ಕಟ ಸಾಮಾನಿಗೆ! ಪ್ರಿಂಟ್ ಹಾಕೂ ಮುಂದ ಒಮ್ಮೆ ಓದಬಾರದೇನಪಾ ಅಂದ್ರ, "ನಾವು ಓದಂಗಿಲ್ರಿ ಮೇಡಂ, ಹಾಕ್ತೀವಿ ಅಷ್ಟ" ಅಂದ.

ಅದಕ್ಕಿಂತ ಹೊಟ್ಟಿ ಉರಿದದ್ದು ಓಪನ್ ಸೋರ್ಸ್ ಮಾಡಿದ ಮ್ಯಾಲೆ. ಯಾರೋ ಹೆಸರು ಬದಲಿ ಮಾಡಿ 199ಕ್ಕ ಮಾರಾಕತ್ಯಾರ. ಯಾರು ಬೇಕಾದ್ರೂ ಬಳಸಬಹುದು, ಮಾರಬಹುದು ಅನ್ನೋ ಎಂಐಟಿ ಲೈಸೆನ್ಸ್ ಹಾಕಿದ್ದೆ, ಮಾರಲಿ. ನನ್ನ ಹೆಸರಿನ ಸಾಲು ಇಡಬೇಕು ಅಂತಷ್ಟ ಅದ್ರಾಗ ಐತಿ, ಅದನ್ನೂ ತಗದಾರ. ಅವರ ಗಿರಾಕಿಗೆ ಅರ್ಕಾವತ್ತು ಕೆಟ್ರ ಬರೋದು ಯಾರ ಹಂತ್ಯಾಕ? ನನ್ನ ಹಂತ್ಯಾಕ. ಕೈ ತೊಳಕೊಳ್ಳಾಕ ಹೋದ್ರ ಬಚ್ಚಲ ನೀರು ನಿಮ್ಮ ಮೈಮ್ಯಾಲನ ಬರತದ, ನೆನಪಿಟ್ಕೊರಿ.

ಟೋಕನ್ ಸಂತ್ರಸ್ತ:
ಬೆಣ್ಣೆ ಅವರೇ, ನಿಮ್ಮ ಆಪ್‌ಗೆ ಸಹಿ ಹಾಕಿದ್ದೀರಾ? ಫೋಟೊ ಸಹಿ ಅಲ್ಲ, ಕೋಡ್ ಸೈನಿಂಗ್, ಆಪ್ ಮಾಡಿದವರು ಯಾರು ಅಂತ ತೋರಿಸೋ ಡಿಜಿಟಲ್ ಸಹಿ. ಇಲ್ಲ ಅಂದ್ರೆ ಡೌನ್‌ಲೋಡ್ ಮಾಡಿದವರಿಗೆ ವಿಂಡೋಸ್‌ನ ಆ ನೀಲಿ ಎಚ್ಚರಿಕೆ ಪೆಟ್ಟಿಗೆ ಬಂದಿರುತ್ತೆ, ಮೋರ್ ಇನ್ಫೋ ಒತ್ತಿದ್ರೆ ಮಾತ್ರ ರನ್ ಎನಿವೇ ಕಾಣೋದು. ಅದಕ್ಕೇ ಎಷ್ಟು ಕಾಲ್ ಬರುತ್ತೆ ಲೆಕ್ಕ ಇಟ್ಟಿದ್ದೀರಾ? ನಾನು ಇಟ್ಟಿದ್ದೆ. ಮೂರರಲ್ಲಿ ಒಂದು.

ಸರಿ ಅಂತ ಆ ಸಹಿಗೆ ಬೇಕಾದ ಸರ್ಟಿಫಿಕೇಟ್‌ಗೆ ಹೋದೆ. 2023ರ ಜೂನ್‌ನಿಂದ ಸಹಿ ಹಾಕೋ ಗುಟ್ಟಿನ ಕೀಯನ್ನ ಫೈಲ್ ಆಗಿ ಕೊಡೋ ಹಾಗಿಲ್ಲ, ಹಾರ್ಡ್‌ವೇರ್ ಟೋಕನ್‌ನಂಥ ಭದ್ರ ಸಾಧನದಲ್ಲೇ ಇರ್ಬೇಕು ಅಂತ ನಿಯಮ ಆಗಿದೆ. ನನಗೆ ಬಿದ್ದದ್ದು 27,400. ಟೋಕನ್ ಕಸ್ಟಮ್ಸ್‌ನಲ್ಲಿ 19 ದಿನ ಕೂತು, ಬಿಡಿಸಿಕೊಳ್ಳೋಕೆ 2,180. ಇದೆಲ್ಲ ಆಗೋಕೆ ಮೊದಲು ಗುರುತಿನ ಪರಿಶೀಲನೆ. ಆಧಾರ್‌ನಲ್ಲಿ ನನ್ನ ಹೆಸರಿನ ಹಿಂದೆ ಎರಡು ಇನಿಷಿಯಲ್. ಪ್ಯಾನ್‌ನಲ್ಲಿ ಅವೆರಡೂ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು. ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರೇ ಸರ್‌ನೇಮ್. ಈ ಮೂವರೂ ಒಬ್ಬನೇ ಅಂತ ವಿಡಿಯೊ ಕಾಲ್‌ನಲ್ಲಿ ಯಾವುದೋ ದೇಶದ ಹುಡುಗನಿಗೆ ಅರ್ಥ ಮಾಡಿಸೋದಕ್ಕೆ ಮೂರು ಸಲ ಕೂತೆ. ಕೊನೆಗೆ ಸರ್ಟಿಫಿಕೇಟ್ ಬಂತು, ಪಬ್ಲಿಷರ್ ಜಾಗದಲ್ಲಿ ಊರಿನ ಹೆಸರು ಮತ್ತು ಅಪ್ಪನ ಹೆಸರು ಸೇರಿ ಬಂದಿದೆ. ಈಗ ಗಿರಾಕಿಗಳು ಫೋನ್ ಮಾಡಿ, ಈ ಯಜಮಾನರು ಯಾರು, ನಿಮ್ಮ ಆಪ್ ಅಂತ ನಂಬೋದು ಹೇಗೆ ಅಂತಾರೆ. ನೀಲಿ ಪೆಟ್ಟಿಗೆ ಹೋಯ್ತಾ? ಇಲ್ಲ! ಸಹಿ ಇದ್ರೂ ಡೌನ್‌ಲೋಡ್ ಆಗಿ ಆಗಿ ಹೆಸರು ಗಳಿಸೋ ತನಕ ಬರ್ತಾನೇ ಇರುತ್ತೆ.

ಗೋಕಾಕ ಕರದಂಟು:
ನನ್ನದು ಪೈಥಾನ್ ಭಾಷಾದಾಗ ಬರದದ್ದು. ಅದನ್ನ ಆಪ್ ಮಾಡಿ ಕಟ್ಟಿಕೊಡೋ ಪೈಇನ್‌ಸ್ಟಾಲರ್‌ನಾಗ ಒಂದ ಫೈಲ್ ಮಾಡಿದ್ರ ಆಂಟಿವೈರಸ್ ಅದನ್ನ ವೈರಸ್ ಅಂತ ತಿಳಿದು ನುಂಗೇಬಿಡತದ. ಫೋಲ್ಡರ್ ಆಗಿ ಕೊಟ್ಟು, ಆಪ್ ಶುರು ಮಾಡೋ ತುಣುಕು ಅಂದ್ರ ಬೂಟ್‌ಲೋಡರ್ ನಾವ ಕಂಪೈಲ್ ಮಾಡಿದ್ರ ಸ್ವಲ್ಪ ಕಮ್ಮಿ ಆಗತದ. ಮತ್ತ ಪೈಥಾನ್ 3.8ರ ಮ್ಯಾಲೆ ಹೋಗಬ್ಯಾಡ್ರಿ, 3.9 ವಿಂಡೋಸ್ 7ನಾಗ ಓಡಂಗಿಲ್ಲ. ಪ್ರೆಸ್ಸಿನವ್ರೆಲ್ಲ ಇನ್ನೂ 7.

ಬಸವನಗುಡಿ ಬೆಂಚು:
ವಿಂಡೋಸ್ 7ಗೆ 2020ರ ಜನವರಿಯಲ್ಲೇ ಸಪೋರ್ಟ್ ನಿಂತಿದೆ. ಇಂಥವರನ್ನ ಎತ್ತಿ ಆಡಿಸ್ತಾ ಕೂತರೆ ನೀವು ಯಾವತ್ತೂ ಮುಂದಕ್ಕೆ ಹೋಗಲ್ಲ. ಕನಿಷ್ಠ ಇದು ಬೇಕು ಅಂತ ಬರೆದು ಹಾಕಿ, ಮುಗೀತು.

ಗೋಕಾಕ ಕರದಂಟು:
ನಿಮ್ಮ ಮ್ಯಾಕ್‌ನವ್ರು ವರ್ಷಾ ಹೊಸದು ತಗೋತಾರ್ರಿ. ನಮ್ಮ ಪ್ರೆಸ್ಸಿನಾಂವ ಸಿಪಿಯುಗೆ ಗಂಧ ಹಚ್ಚಿ ಪೂಜಿ ಮಾಡ್ತಾನ. ಬಿಡು ಅಂದ್ರ ಬಿಡ್ತಾನೇನು?

ಟೋಕನ್ ಸಂತ್ರಸ್ತ:
ಒಂದು ಹೇಳೋದು ಮರೆತೆ. ಬೇರೆ ರಾಜ್ಯಕ್ಕೆ ಒಂದೇ ಒಂದು ಲೈಸೆನ್ಸ್ ಮಾರಿದ್ರೂ ಮೊದಲ ರೂಪಾಯಿಯಿಂದ ಜಿಎಸ್‌ಟಿ ನೋಂದಣಿ ಕಡ್ಡಾಯ, ಹುಷಾರು.

ಬಸವನಗುಡಿ ಬೆಂಚು:
ತಪ್ಪು. ಅದು ಸರಕಿಗೆ. ಸೇವೆ ಆದ್ರೆ ಬೇರೆ ರಾಜ್ಯಕ್ಕೆ ಕೊಟ್ಟರೂ ವರ್ಷಕ್ಕೆ 20 ಲಕ್ಷದವರೆಗೆ ನೋಂದಣಿ ಬೇಡ. ಗೊತ್ತಿಲ್ಲದೆ ಜನರನ್ನ ಹೆದರಿಸಬೇಡಿ.

ಹಳೇವಿಬಿ:
ಡೌನ್‌ಲೋಡ್ ಆದ್ರೆ ಸೇವೆ, ಸಿಡಿಯಲ್ಲಿ ಕೊಟ್ಟರೆ ಸರಕು ಅಂತ ನಮ್ಮ ಆಡಿಟರ್ ಹೇಳಿದ್ದು. ನಾನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟು, ಪೆನ್‌ಡ್ರೈವ್ ವಾಪಸ್ ಇಸ್ಕೊಂಡು ಬರ್ತೀನಿ. ನಾನು ಏನು?

ಟೋಕನ್ ಸಂತ್ರಸ್ತ:
ಹೆದರಿಸಿದ್ದು ನಾನಲ್ಲ, ನಮ್ಮ ಆಡಿಟರ್. ಅವರಿಗೆ 6,000 ಫೀಸು ಕೊಟ್ಟು ನೋಂದಣಿ ಮಾಡಿಸಿ, ಎರಡು ವರ್ಷ ರಿಟರ್ನ್ ಹಾಕಿದ್ದೀನಿ. ಈಗ ಬೇಡವಾಗಿತ್ತು ಅಂತೀರಲ್ಲ.

ಬಸವನಗುಡಿ ಬೆಂಚು:
ನಿಮ್ಮ 6,000ಕ್ಕೆ ನಾನೇನು ಮಾಡಲಿ ಸ್ವಾಮಿ.

ಕೌಂಟರ್ ನಂಬರ್ 2:
ಎಲ್ಲಾ ಓದ್ದೆ. ನಾನು ಡೆವಲಪರ್ ಅಲ್ಲ, ತಿಪಟೂರಲ್ಲಿ ಸೈಬರ್ ಸೆಂಟರ್ ಮಡಗಿದೀನಿ. ಈಮೇಲ್ ಮಾಡಿ ಅನ್ನೋರಿಗೆ ಒಂದು ಮಾತು. ಕೊನೇ ದಿನ ರಾತ್ರಿ ಹನ್ನೊಂದೂ ಮುಕ್ಕಾಲು. ಅಂಗಡೀಲಿ ಹದಿನೆಂಟು ಹುಡುಗರು, ಹೊರಗೆ ಅವರಪ್ಪಂದಿರು ಬೈಕ್ ಮೇಲೆ. ಸೈಟು ಒಂದ್ಸಲ ತೆರ್ಕೊಂಡ್ರೆ ನಾಲ್ಕು ಸಲ ಮಲ್ಕತ್ತೆ. ಅಷ್ಟೊತ್ನಲ್ಲಿ ಸಹಿ ಅಪ್‌ಲೋಡ್ ಆಗಲ್ಲ ಅಂದ್ರೆ, ಆ ಹೆಣ್ಮಗಳ ಒಂದು ವರ್ಷ ಹೋಯ್ತು. ನಾನು ಈಮೇಲ್ ಬರ್ದು, ನೀವು ಬೆಳಿಗ್ಗೆ ಏಳರಿಂದ ಎಂಟರ ಒಳಗೆ ಕಾಫಿ ಕುಡೀತಾ ಉತ್ರ ಕೊಡೋ ತನಕ ಅವಳ ಅಪ್ಪ ನನ್ನ ಬಿಡ್ತಾನಾ? ಒಂದು ಫಾರಂಗೆ ನನಗೆ ಸಿಗೋದು 50 ರೂಪಾಯಿ ಕಣ್ರೀ.

ಬಸವನಗುಡಿ ಬೆಂಚು:
ಕೊನೇ ದಿನದ ತನಕ ಕಾದಿದ್ದು ಡೆವಲಪರ್ ತಪ್ಪಾ? 350 ರೂಪಾಯಿ ಕೊಟ್ಟು ಜೀವನಪೂರ್ತಿ ಒಬ್ಬ ಮನುಷ್ಯನ ರಾತ್ರಿ ಕೊಂಡುಕೊಂಡ್ರಾ?

ಕೌಂಟರ್ ನಂಬರ್ 2:
ರಾತ್ರಿ ಕೊಂಡ್ಕೊಂಡಿಲ್ಲ. ವರ್ಷಕ್ಕೆ ಇನ್ನೂರು ಮುನ್ನೂರು ಕೊಡಿ ಅಂದ್ರೆ ಕೊಡ್ತೀನಿ, ಯಾರು ಕೇಳಿದಾರೆ? ಕೇಳದೇ ಒಳಗೊಳಗೇ ಬೈಕೊಂಡು ಕೂತ್ರೆ ನಮಗೇನು ಕನಸು ಬೀಳುತ್ತಾ?

ಹಳೇವಿಬಿ:
ಇದನ್ನೇ ನಾನು ಹೇಳ್ತಿರೋದು.

ಬಸವನಗುಡಿ ಬೆಂಚು:
ನೀವು ಹೇಳಿದ್ದು ಅಡಿಕೆ, ಸಿಡಿಲು. ಇದಲ್ಲ.

ದಾವಣಗೆರೆ ಬೆಣ್ಣೆ:
ಎಲ್ಲರಿಗೂ ಧನ್ಯವಾದ. ಈಗ ಕೊಂಡವರಿಗೆ ಏನೂ ಬದಲಾಗಲ್ಲ, ಹೊಸಬರಿಗೆ ವರ್ಷಕ್ಕೆ 250, ಫೋನ್ ರಾತ್ರಿ ಎಂಟರವರೆಗೆ ಅಂತ ಮಾಡೋಣ ಅಂದ್ಕೊಂಡಿದ್ದೀನಿ. ಕರದಂಟು ಅವರ ಮಾತು ಕೇಳಿ ಓಪನ್ ಸೋರ್ಸ್ ಸದ್ಯಕ್ಕೆ ಕೈಬಿಟ್ಟೆ.

ಕೌಂಟರ್ ನಂಬರ್ 2:
ಅಣ್ಣಾ, ನಿಂದು ಫೋಟೊ-ಸಹಿ ಆಪು ಅಂದ್ಯಲ್ಲ, ಕಿತ್ತಳೆ ಬಣ್ಣದ ಐಕಾನ್‌ದಾ? ಅದು ನನ್ನತ್ರಾನೇ ಐತೆ. ಹೋದ ತಿಂಗಳು ಅಪ್‌ಡೇಟ್ ಆದಾಗಿಂದ ಸಹಿ 20 ಕೆಬಿ ಅಂತ ಕೊಟ್ರೂ ಸೈಟು ಜಾಸ್ತಿ ಆಯ್ತು ಅಂತ ವಾಪಸ್ ತಳ್ತಾ ಐತೆ.

ದಾವಣಗೆರೆ ಬೆಣ್ಣೆ:
ಆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್. ಎಷ್ಟು ಬೈಟ್ ಅಂತ ತೋರಿಸ್ತಿದೆ?

ಕೌಂಟರ್ ನಂಬರ್ 2:
20,312.

ದಾವಣಗೆರೆ ಬೆಣ್ಣೆ:
ಆಯ್ತು, ಗೊತ್ತಾಯ್ತು. ನಾನು ಒಂದು ಕೆಬಿಗೆ 1,024 ಬೈಟ್ ಲೆಕ್ಕ ಹಿಡಿದಿದ್ದೀನಿ, ಅಂದ್ರೆ 20,480ರವರೆಗೆ ಬಿಡುತ್ತೆ. ಆ ಸೈಟ್ 1,000ದ ಲೆಕ್ಕ ಹಿಡಿದಿರಬೇಕು, 20,000 ದಾಟಿದ್ರೆ ತಗೊಳ್ಳಲ್ಲ. ನಾಳೆ ಸರಿ ಮಾಡ್ತೀನಿ. ಅಲ್ಲೀತನಕ 20ರ ಬದಲು 19 ಅಂತ ಹಾಕಿ. ಆ ಸಹಿ ಫೈಲ್ ಒಂದು ಕಳಿಸಿ, ವಾಟ್ಸಾಪ್‌ನಲ್ಲಾದ್ರೆ ಫೋಟೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ. ಫೋಟೊ ಆದ್ರೆ ಅದೇ ಕುಗ್ಗಿಸಿಬಿಡುತ್ತೆ.

ಕೌಂಟರ್ ನಂಬರ್ 2:
19 ಎಲ್ಲಿ ಹಾಕೋದು? ನನಗೆ 10, 20, 50 ಅಷ್ಟೇ ಕಾಣ್ತಿರೋದು. ನಂಬರ್ ಅದೇ ತಾನೆ? ಮಾಡ್ತೀನಿ ತಡಿ, ಎತ್ತಣ್ಣ.