ಪದಚರ್ಚೆ: ಹೊಡೆತಕ್ಕೆ ಕೊಡಬೇಕಾದ ಹಣಕ್ಕೆ ‘ಪರಿಹಾರ’ ಅಂದರೆ ಸಾಕೇ?

ಬಳಗದ ಎಲ್ಲರಿಗೂ ನಮಸ್ಕಾರ.

ಹದಿನೈದು ದಿನದಿಂದ ಒಂದು ಪದಕ್ಕೆ ಒದ್ದಾಡುತ್ತಿದ್ದೇನೆ. ‘ಡ್ಯಾಮೇಜಸ್’. ಬೈಕಿಗೆ ಆಗುವ ಡ್ಯಾಮೇಜ್ ಅಲ್ಲ, ಕಾನೂನಿನದು. ಒಬ್ಬರು ಕೇಡು ಮಾಡಿದರು, ಇನ್ನೊಬ್ಬರು ಅನುಭವಿಸಿದರು. ಮಾಡಿದವರ ಕೈಯಿಂದಲೇ ಅನುಭವಿಸಿದವರಿಗೆ ಕೋರ್ಟು ಕೊಡಿಸುವ ಹಣ ಅದು.

ಮನೆಯೊಳಗೆ ಏಟು ತಿಂದ ಹೆಂಗಸರಿಗಾಗಿ ನಾಲ್ಕು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ವಿಷಯ 2005ರ ಕೌಟುಂಬಿಕ ಹಿಂಸೆ ಕಾಯ್ದೆ, ಅಂದರೆ ವಕೀಲರ ಬಾಯಲ್ಲಿ ‘ಡಿ.ವಿ. ಆಕ್ಟ್’. ಅದರ 20ನೇ ಸೆಕ್ಷನ್ನಿನಲ್ಲಿ ಆಸ್ಪತ್ರೆ ಖರ್ಚು, ತಪ್ಪಿಹೋದ ಸಂಪಾದನೆ, ಒಡೆದುಹಾಕಿದ ಸಾಮಾನಿನ ಬೆಲೆ, ಜೀವನಾಂಶ ಇವನ್ನೆಲ್ಲ ಕೇಳಬಹುದು. 22ನೇ ಸೆಕ್ಷನ್ ಬೇರೆಯೇ. ಅದು ಪೆಟ್ಟಿಗಾಗಿಯೇ ಕೊಡಿಸುವ ಹಣ. ಮನಸ್ಸಿಗೆ ಆದ ಹಿಂಸೆಯೂ ಅದರಲ್ಲಿ ಸೇರುತ್ತದೆ. ಇದರ ಜೊತೆಗೆ, ಬೇಕಿದ್ದರೆ ಸಿವಿಲ್ ಕೋರ್ಟಿನಲ್ಲಿ ಪ್ರತ್ಯೇಕ ದಾವೆ ಹೂಡುವ ಹಕ್ಕನ್ನೂ 12ನೇ ಸೆಕ್ಷನ್ ಉಳಿಸಿಕೊಟ್ಟಿದೆ. ಇಂಗ್ಲಿಷಿನಲ್ಲಿ ರಿಲೀಫ್, ಕಾಂಪೆನ್ಸೇಷನ್, ಡ್ಯಾಮೇಜಸ್ ಅಂತ ಮೂರು ಪದ ಇವೆ. ನನ್ನ ಕರಡಿನಲ್ಲಿ? ಪರಿಹಾರ, ಪರಿಹಾರ, ಪರಿಹಾರ.

ಇದು ಸುಮ್ನೆ ಪದದ ಚಪಲ ಅಲ್ಲ. ಕರಡನ್ನು ಓದಿಸಿ ನೋಡಿದಾಗ ಒಬ್ಬಾಕೆ ಕೇಳಿದರು: “ತಿಂಗಳು ತಿಂಗಳು ಜೀವನಾಂಶ ಬರ್ತಿದೆಯಲ್ಲಕ್ಕಾ, ಪರಿಹಾರ ಸಿಕ್ಕಿತಲ್ಲ. ಮತ್ತೆ ಅದನ್ನೇ ಯಾಕೆ ಕೇಳಬೇಕು?” ಅವರ ತಪ್ಪೇನೂ ಇಲ್ಲ. ನಾನು ಎರಡಕ್ಕೂ ಒಂದೇ ಹೆಸರಿಟ್ಟಿದ್ದೆ. ಆದರೆ 22ರ ಹಣ ತಾನಾಗಿ ಬರುವುದಿಲ್ಲ, ಅರ್ಜಿಯಲ್ಲಿ ಕೇಳಿದರೆ ಮಾತ್ರ ಮ್ಯಾಜಿಸ್ಟ್ರೇಟರು ಆದೇಶ ಮಾಡುವುದು. ಹೆಸರು ಗೊತ್ತಿಲ್ಲದ್ದನ್ನು ಯಾರು ಕೇಳುತ್ತಾರೆ?

‘ಪರಿಹಾರ’ದ ಜೊತೆ ನನಗೆ ಇನ್ನೊಂದು ಜಗಳವಿದೆ. ನೆರೆ ಪರಿಹಾರ, ಬರ ಪರಿಹಾರ ಅನ್ನುತ್ತೇವೆ. ಕೊಡುವುದು ಸರ್ಕಾರ, ಮಳೆ ಮಾಡಿದ ತಪ್ಪಿಗೆ. ಗ್ರಹದೋಷ ಪರಿಹಾರಕ್ಕೆ ಜೋಯಿಸರ ಹತ್ತಿರ ಹೋಗುತ್ತೇವೆ, ಅಲ್ಲಂತೂ ದುಡ್ಡು ಕೊಡುವವರು ನಾವೇ! ಆ ಪದದಲ್ಲಿ ಕೇಡು ಮಾಡಿದವರು ಕಾಣುವುದೇ ಇಲ್ಲ.

‘ದಂಡ’ ಅನ್ನೋಣವೇ? ತಪ್ಪಿತಸ್ಥ ಕಾಣುತ್ತಾನೆ, ನಿಜ. ಆದರೆ ದಂಡ ಸರ್ಕಾರಕ್ಕೋ ಪಂಚಾಯಿತಿಗೋ ಹೋಗುತ್ತದೆ. ತಪ್ಪುಕಾಣಿಕೆ ದೇವರ ಹುಂಡಿಗೆ. ಏಟು ತಿಂದವಳಿಗೆ ಎರಡರಲ್ಲೂ ಚಿಕ್ಕಾಸಿಲ್ಲ. ‘ನಷ್ಟಭರ್ತಿ’ ವ್ಯಾಪಾರದ ವಾಸನೆ ಹೊಡೆಯುತ್ತದೆ. ಗೋದಾಮು ಸುಟ್ಟರೆ ಸರಿ, ಮುರಿದ ಮೊಣಕೈಯನ್ನು ನಷ್ಟ ಅನ್ನೋದು ಹೇಗೆ?

ನನಗೆ ಹಿಡಿಸಿದ್ದು ನಾಮಪದವಲ್ಲ, ಒಂದು ಕ್ರಿಯಾಪದ: ‘ಕಟ್ಟಿಕೊಡು’. ದನ ಹೊಲಕ್ಕೆ ನುಗ್ಗಿ ಪೈರು ಮೇಯ್ದರೆ “ಲುಕ್ಸಾನು ಕಟ್ಟಿಕೊಡು” ಅಂತ ದನದ ಯಜಮಾನನ ಬಾಗಿಲಿಗೇ ಹೋಗುತ್ತೇವಲ್ಲ, ಅದು. ಕೊಡುವವನು ಯಾರು, ಪಡೆಯುವವನು ಯಾರು, ಯಾಕೆ ಕೊಡಬೇಕು, ಮೂರೂ ಒಂದೇ ಮಾತಿನಲ್ಲಿ ಇವೆ. ಸದ್ಯಕ್ಕೆ ‘ಹೊಡೆದವರು ಕಟ್ಟಿಕೊಡಬೇಕಾದ ಹಣ’ ಅಂತ ಬರೆದಿದ್ದೇನೆ. ‘ಹೊಡೆದ ಗಂಡ’ ಅನ್ನದೆ ‘ಹೊಡೆದವರು’ ಅಂದದ್ದಕ್ಕೆ ಕಾರಣ ಇದೆ. ಕಾಯ್ದೆಯಲ್ಲಿ ಎದುರುಪಕ್ಷದವರು ವಯಸ್ಕ ಗಂಡಸೇ ಆಗಿರಬೇಕು ಎಂಬ ಮಾತನ್ನು ಸುಪ್ರೀಂ ಕೋರ್ಟ್ 2016ರಲ್ಲಿ ತೆಗೆದುಹಾಕಿತು. ಅತ್ತೆ, ನಾದಿನಿಯರೂ ಆಗಬಹುದು. ನಮ್ಮ ‘ಅವರು’ ಇಲ್ಲಿ ಸಲೀಸಾಗಿ ಕೂರುತ್ತದೆ.

‘ಹಲ್ಲೆ’ಯ ಬಗ್ಗೆಯೂ ಕೇಳಬೇಕು. ಪತ್ರಿಕೆಯಲ್ಲಿ ‘ಪತ್ನಿ ಮೇಲೆ ಹಲ್ಲೆ’ ಅಂತ ಬರುತ್ತದೆ. ಆದರೆ “ನನ್ನ ಗಂಡ ಹಲ್ಲೆ ಮಾಡಿದ” ಅಂತ ಹೇಳಿದ ಹೆಂಗಸನ್ನು ನಾನು ಕಂಡಿಲ್ಲ. “ಕೈ ಮಾಡಿದ”, “ಬಡಿದ” ಅನ್ನುತ್ತಾರೆ. ಇನ್ನೊಂದು ತೊಡಕು: ಕಾನೂನಿನ ‘ಅಸಾಲ್ಟ್’ಗೆ ಮೈ ಮುಟ್ಟಬೇಕೆಂದೇ ಇಲ್ಲ. ಈಗಲೇ ಹೊಡೆದುಬಿಡುತ್ತಾನೆ ಎಂಬ ಭಯ ಹುಟ್ಟುವಂತೆ ಮೈಮೇಲೆ ಬಂದರೂ ಸಾಕು. ಐಪಿಸಿಯ 351 ಹಾಗೇ ಹೇಳುತ್ತಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 130. ಹಲ್ಲೆ ಅಂದ ತಕ್ಷಣ ನಮಗೆ ಕಣ್ಣೆದುರು ರಕ್ತ ಬರುತ್ತದೆ, ಅಲ್ವಾ? ನನಗನಿಸುವುದು, ‘ಕೈ ಎತ್ತಿದ’ ಮತ್ತು ‘ಕೈ ಮಾಡಿದ’ ಎಂಬ ಎರಡು ಮಾತಲ್ಲಿ ಈ ವ್ಯತ್ಯಾಸ ಆಗಲೇ ಇದೆ. ನಿಮ್ಮ ಕಡೆಯೂ ಹೀಗೆಯೇ ಬೇರೆ ಮಾಡಿ ಹೇಳುತ್ತಾರಾ?

ಇನ್ನು ‘ವಜಾ’. ಮ್ಯಾಜಿಸ್ಟ್ರೇಟರ ಆದೇಶದಂತೆ ಕೊಟ್ಟ ಹಣವನ್ನು ಸಿವಿಲ್ ಕೋರ್ಟು ಡಿಕ್ರಿ ಮಾಡಿದ ಹಣದಲ್ಲಿ ಕಳೆಯಬೇಕು. ಹಿರಿಯ ವಕೀಲರೊಬ್ಬರು ‘ಮೊದಲಿನ ಮೊತ್ತವನ್ನು ವಜಾ ಮಾಡತಕ್ಕದ್ದು’ ಅಂತ ಬರೆದುಕೊಟ್ಟರು. ಲೆಕ್ಕದ ಭಾಷೆಯಲ್ಲಿ ಸರಿಯೇ. ಓದಿದ ಹುಡುಗಿ ಮಾತ್ರ “ಅಯ್ಯೋ, ಹಾಗಾದ್ರೆ ಕೇಸೇ ವಜಾ ಆಗುತ್ತಾ?” ಅಂದಳು. ‘ಮುರಿದುಕೊಳ್ಳುತ್ತಾರೆ’ ಅಂತ ತಿದ್ದಿದೆ. ಸಂಬಳದಲ್ಲಿ ಮುಂಗಡ ಮುರಿದುಕೊಂಡ ಹಾಗೆ. ಅದಕ್ಕೆ ಯಾರೂ ಗಾಬರಿಯಾಗಲಿಲ್ಲ.

ಈಗ ಬೇಕಿರುವುದು ಒಂದೇ ಪದದ ಹೆಸರು. ಅರ್ಜಿಯ ತಲೆಬರಹದಲ್ಲಿ ಕೂರುವಷ್ಟು ಗಿಡ್ಡ, ಹೊಡೆದವರನ್ನು ಬಚ್ಚಿಡದಷ್ಟು ನೇರ. ಬೀದರ್, ಕಲಬುರಗಿ ಕಡೆಯವರು, ಕುಂದಾಪುರದವರು, ಕಾಸರಗೋಡಿನವರು, ನಿಮ್ಮೂರಲ್ಲಿ ಪೆಟ್ಟು ಬಿದ್ದು ಪಂಚಾಯಿತಿ ಸೇರಿದಾಗ ಪೆಟ್ಟು ತಿಂದವರ ಕೈಗೆ ಕೊಡಿಸುವ ಹಣಕ್ಕೆ ಏನನ್ನುತ್ತಾರೆ? ನಿಘಂಟಿನಲ್ಲಿ ಇಲ್ಲದಿದ್ದರೂ ಪರವಾಗಿಲ್ಲ, ಬರೆಯಿರಿ. ಮುಂದಿನ ವಾರ ಅಚ್ಚಿಗೆ ಹೋಗುತ್ತದೆ.