ಪೂರ್ಣ ಸಂಖ್ಯೆಯೋ, ಪರಿಪೂರ್ಣ ಸಂಖ್ಯೆಯೋ? 33550336ರ ನೆಪದಲ್ಲಿ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಗಣಿತ ಲೇಖನವೊಂದರ ಕರಡನ್ನು ತಿದ್ದುತ್ತಿದ್ದೇನೆ. ಅದರಲ್ಲಿ “33550336 ಪೂರ್ಣ ಸಂಖ್ಯೆ, 33550337 ಪೂರ್ಣ ಸಂಖ್ಯೆಯಲ್ಲ” ಎಂಬ ವಾಕ್ಯವಿದೆ. ಲೇಖಕರ ಗಣಿತ ಸರಿಯಾಗಿಯೇ ಇದೆ. ಆದರೆ 0, 1, 2, 3 ಎಂದು ಸಾಗುವ ಎಲ್ಲವನ್ನೂ ಪೂರ್ಣ ಸಂಖ್ಯೆ ಎಂದು ಶಾಲೆಯಲ್ಲಿ ಕಲಿತವರಿಗೆ ಈ ವಾಕ್ಯ ಶುದ್ಧ ತಪ್ಪಾಗಿ ಕಾಣುತ್ತದೆ.

ಅವರು ಹೇಳಹೊರಟ ಗುಣವೇ ಬೇರೆ: ಒಂದು ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳನ್ನು, ಅಂದರೆ ಅಪವರ್ತನಗಳನ್ನು, ಅದನ್ನೇ ಬಿಟ್ಟು ಕೂಡಿಸಿದರೆ ಮತ್ತೆ ಅದೇ ಸಂಖ್ಯೆ ಬರುವುದು. ಮೂರು ಕೋಟಿ ಮೂವತ್ತೈದು ಲಕ್ಷದ ಐವತ್ತು ಸಾವಿರದ ಮುನ್ನೂರ ಮೂವತ್ತಾರನ್ನು ಅರ್ಧ ಮಾಡುತ್ತ ಹೋಗಿ. ಹನ್ನೆರಡನೆಯ ಸಲಕ್ಕೆ 8191 ಬರುತ್ತದೆ. ಅದು ಅವಿಭಾಜ್ಯ. ಆದ್ದರಿಂದ ಈ ದೊಡ್ಡ ಸಂಖ್ಯೆಯ ಅಪವರ್ತನಗಳು, ಅದನ್ನೇ ಬಿಟ್ಟರೆ, ಎರಡು ಸಾಲುಗಳಲ್ಲಿ ಮುಗಿಯುತ್ತವೆ: 1, 2, 4 ಎಂದು 4096ರವರೆಗೆ ಒಂದು ಸಾಲು, 8191, 16382 ಎಂದು ಇಮ್ಮಡಿಸುತ್ತ 16775168ರವರೆಗೆ ಇನ್ನೊಂದು. ಮೊದಲ ಸಾಲಿನ ಮೊತ್ತ 8191. ಎರಡನೆಯದರ ಮೊತ್ತ 8191ರ 4095 ಪಟ್ಟು. ಎರಡನ್ನೂ ಕೂಡಿಸಿದರೆ 8191ರ 4096 ಪಟ್ಟು, ಅಂದರೆ ಹೊರಟಲ್ಲಿಗೇ ಬಂದು ನಿಂತೆವು! 6, 28, 496, 8128 ಆದ ಮೇಲೆ ಇಂಥ ಸಂಖ್ಯೆ ಮತ್ತೆ ಸಿಗುವುದು ಇಷ್ಟು ದೂರದಲ್ಲಿ. ಕಾಗದದ ಮೇಲೆ ಮಾಡಿ ನೋಡಿ, ಲೆಕ್ಕ ಮುಗಿದಾಗ ಮನಸ್ಸು ತುಂಬಿ ಬರುತ್ತದೆ.

ಈ ಗುಣಕ್ಕೆ ‘ಪರಿಪೂರ್ಣ ಸಂಖ್ಯೆ’ ಎಂಬ ಹೆಸರೇ ಇರಲಿ ಎಂದು ನನ್ನ ವಾದ. ಪರಿಧಿ, ಪರಿಸರಗಳಲ್ಲಿರುವ ‘ಪರಿ’ಗೆ ಸುತ್ತಲೂ ಎಂಬ ಅರ್ಥವಿದೆ, ಭಾಗಗಳೆಲ್ಲ ಸೇರಿ ಮತ್ತೆ ತಾನೇ ಆಗುವ ಸಂಖ್ಯೆಗೆ ಅದು ಚೆನ್ನಾಗಿ ಹೊಂದುತ್ತದೆ. ‘ಪೂರ್ಣವರ್ಗ’ದಲ್ಲಿರುವ ಪೂರ್ಣವೇ ಬೇರೆ. 33550336 ಪೂರ್ಣ ಸಂಖ್ಯೆಯೂ ಹೌದು, ಪರಿಪೂರ್ಣ ಸಂಖ್ಯೆಯೂ ಹೌದು, ಆದರೆ ಪೂರ್ಣವರ್ಗವಲ್ಲ. ಲೇಖಕರು ಅಪವರ್ತನ ಎನ್ನಬೇಕಾದಲ್ಲಿ ‘ಭಾಜಕ’ ಎಂದೂ ಬರೆದಿದ್ದರು, ಅದನ್ನು ಬದಲಿಸಿದ್ದೇನೆ. 17ನ್ನು 5ರಿಂದ ಭಾಗಿಸುವಾಗ 2 ಶೇಷ ಉಳಿದರೂ 5 ಭಾಜಕವೇ, ಅಪವರ್ತನ ಅಲ್ಲ.

ನನಗೆ ಬಗೆಹರಿಯದಿರುವುದು ಮುಂದಿನ ಜೋಡಿ. 8ನ್ನೇ ಬಿಟ್ಟರೆ ಅದರ ಅಪವರ್ತನಗಳು 1, 2, 4. ಮೊತ್ತ 7, ಒಂದು ಕಡಿಮೆ. ಹಾಗೆಯೇ 12ರವು 1, 2, 3, 4, 6. ಮೊತ್ತ 16, ನಾಲ್ಕು ಹೆಚ್ಚು. ಕರಡಿನಲ್ಲಿ ಇವುಗಳಿಗೆ ‘ನ್ಯೂನ ಸಂಖ್ಯೆ’, ‘ಅಧಿಕ ಸಂಖ್ಯೆ’ ಎಂದಿದೆ. ನ್ಯೂನ ಎಂದೊಡನೆ ದೋಷದ ನೆನಪಾಗುತ್ತದೆ, 8ರಲ್ಲಿ ದೋಷವೇನೂ ಇಲ್ಲ. ಪತ್ರಿಕೆಗಳಲ್ಲಿ ಕೊರತೆ ಬಜೆಟ್, ಮಿಗತೆ ಬಜೆಟ್ ಎಂಬ ಮಾತುಗಳು ರೂಢಿಯಲ್ಲಿವೆ. ಅದೇ ಜಾಡಿನಲ್ಲಿ ‘ಕೊರತೆ ಸಂಖ್ಯೆ’, ‘ಮಿಗತೆ ಸಂಖ್ಯೆ’ ಎನ್ನಬಹುದೇ? ಅಥವಾ ಪರಿಪೂರ್ಣದ ಪಕ್ಕದಲ್ಲಿ ಸಂಸ್ಕೃತದ ಜೋಡಿಯೇ ಒಪ್ಪುತ್ತದೆಯೇ? ಗಣಿತ ಕಲಿಸುವವರು ತರಗತಿಯಲ್ಲಿ ಯಾವುದನ್ನು ಬಳಸುತ್ತೀರಿ, ದಯವಿಟ್ಟು ತಿಳಿಸಿ.